ಏರ್ ಲೈನಿನ ಜಾಯಿಂಟಿಗೆ ಸಣಬೋ, ಟೇಪೋ, ಲಾಕ್‌ಟೈಟೋ?

ಪ್ರಶ್ನೆ: ಗ್ಯಾರೇಜಿಗೆ 5 ಎಚ್‌ಪಿ ಕಂಪ್ರೆಸರ್‌ನಿಂದ ಅರ್ಧ ಇಂಚಿನ ಜಿಐ ಲೈನ್ ಎಳೆಯಬೇಕು, ಪ್ರೆಶರ್ 8 ಬಾರ್. ಕೊನೆಯಲ್ಲಿ ಕಾಲಿಂಚಿನ ಫಿಲ್ಟರ್-ರೆಗ್ಯುಲೇಟರ್ (ಗಾಳಿ ಸೋಸಿ ಪ್ರೆಶರ್ ಹಿಡಿತದಲ್ಲಿಡುವುದು), ಅದರಾಚೆ ಸೊಲೆನಾಯ್ಡ್ ವಾಲ್ವ್ (ಕರೆಂಟಿನ ಕಾಯಿಲ್‌ನಿಂದ ತೆರೆದು ಮುಚ್ಚುವ ವಾಲ್ವ್). ಪ್ಲಂಬರ್ ಸಣಬು, ಪೇಸ್ಟ್ ಸಾಕು ಅಂತಾರೆ. ಏನು ಹಾಕಲಿ, ಎಷ್ಟು ಹಾಕಲಿ?

ಪೈಪ್ ಫಿಟ್ಟರ್: ಸಣಬು ಬೇಡ ಸರ್. ನೀರಿನ ಲೈನಲ್ಲಿ ನಾರು ನೀರು ಕುಡಿದು ಉಬ್ಬಿ ಸಂದು ಮುಚ್ಚುತ್ತೆ. ಏರ್ ಲೈನಲ್ಲಿ ಅದೇ ನಾರು ಒಣಗಿ ಕುಗ್ಗುತ್ತೆ, ಗಾಳಿಯ ತೇವ ತೆಗೆಯುವ ಡ್ರೈಯರ್ ಇದ್ದರಂತೂ ಇನ್ನೂ ಬೇಗ. ಜಿಐಗೆ ಟೆಫ್ಲಾನ್ ಟೇಪ್ ಸಾಕು, ಸುತ್ತೋದು ಸರಿಯಿರಬೇಕು. ವೈರ್ ಬ್ರಷ್ಷಲ್ಲಿ ಥ್ರೆಡ್ ಉಜ್ಜಿ, ಕಟಿಂಗ್ ಆಯಿಲ್ ಒರೆಸಿ. ಪೈಪಿನ ಬಾಯಿ ನಿಮ್ಮ ಮುಖಕ್ಕಿರಲಿ, ಟೇಪನ್ನು ಗಡಿಯಾರದ ಮುಳ್ಳು ಹೋಗುವ ಕಡೆಗೆ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಂಡು ಬುಡದಲ್ಲಿ ಮುದ್ದೆಯಾಗುತ್ತೆ. ತುದಿಯ ಎರಡು ಥ್ರೆಡ್ ಬರಿದೇ ಬಿಡಿ. ಎಳೆದು ಹಿಡಿದು ಸುತ್ತಿ, ಥ್ರೆಡ್ಡಿನ ಏಣು ಟೇಪಿನ ಮೇಲೆ ಎದ್ದು ಕಾಣಬೇಕು. ತೆಳು ಟೇಪಾದರೆ ಕಾಲಿಂಚಿಗೆ 2–3 ಸುತ್ತು, ಅರ್ಧ ಇಂಚಿಗೆ 4–5. ಕೈಯಲ್ಲಿ ಬಿಗಿಯಾದ ಮೇಲೆ ಪೈಪ್ ರೆಂಚಲ್ಲಿ ಒಂದೂವರೆಯಿಂದ ಎರಡು ಸುತ್ತು. ಎಲ್ಬೋ ಮುಖ ದಾಟಿ ಹೋಯಿತು ಅಂತ ಹಿಂದಕ್ಕೆ ತಿರುಗಿಸಬೇಡಿ. ಕಾಲು ಸುತ್ತು ಹಿಂದೆ ಬಂದರೂ ಸೀಲ್ ಹೋಯಿತು ಅಂತಲೇ ಲೆಕ್ಕ; ಬಿಚ್ಚಿ ಹೊಸ ಟೇಪ್ ಹಾಕಿ.

ಫಿಟ್ಟಿಂಗ್ಸ್ ಅಂಗಡಿಯವರು: ಟೇಪಿಗಿಂತ ಮುಂಚೆ ಥ್ರೆಡ್ ನೋಡಿ. ನಮ್ಮ ಜಿಐ ಪೈಪಿನದು ಬಿಎಸ್‌ಪಿ ಅನ್ನುವ ಬ್ರಿಟಿಷ್ ಅಳತೆಯ ಥ್ರೆಡ್, ಹಲ್ಲಿನ ಕೋನ 55 ಡಿಗ್ರಿ. ಅಮೆರಿಕದ ಉಪಕರಣಗಳದ್ದು ಅಲ್ಲಿನ ಅಳತೆಯ ಎನ್‌ಪಿಟಿ, 60 ಡಿಗ್ರಿ. ಅರ್ಧ, ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್, ಹಾಗಾಗಿ ಒಂದರೊಳಗೊಂದು ಹೋಗಿ ಕೂರುತ್ತವೆ, ಆಮೇಲೆ ಸೋರುತ್ತವೆ. ಎಷ್ಟು ಟೇಪ್ ಸುತ್ತಿದರೂ ಅದು ನಿಲ್ಲಲ್ಲ. ಕಾಲಿಂಚಿನಲ್ಲಿ ಬಿಎಸ್‌ಪಿಗೆ 19, ಎನ್‌ಪಿಟಿಗೆ 18, ಕೆಲವೇ ಸುತ್ತಿಗೆ ಹಿಡಿದುಕೊಳ್ಳುತ್ತೆ. ಫಿಟ್ಟಿಂಗ್ ಮೇಲೆ ‘ಜಿ’ ಅಂತಿದ್ದರೆ ಅದು ನೇರ ಥ್ರೆಡ್, ಅದಕ್ಕೆ ಟೇಪಲ್ಲ, ಬುಡಕ್ಕೆ ಬಾಂಡೆಡ್ ವಾಷರ್ (ರಬ್ಬರ್ ಅಂಟಿಸಿದ ಲೋಹದ ವಾಷರ್) ಅಥವಾ ಓ-ರಿಂಗ್. ‘ಆರ್’ ಇದ್ದರೆ ಟೇಪರ್, ಅಂದರೆ ತುದಿಗೆ ಹೋದಂತೆ ಸಣ್ಣದಾಗುವ ಥ್ರೆಡ್, ಸೀಲೆಂಟ್ ಅದಕ್ಕೆ.

ನ್ಯೂಮ್ಯಾಟಿಕ್ ವಾಲ್ವ್ ರಿಪೇರಿಯವರು: ಮೇಲಿನವರು ಹೇಳಿದ್ದು ಮೇನ್ ಲೈನಿಗೆ ಸರಿ. ಫಿಲ್ಟರ್ ದಾಟಿದ ಮೇಲೆ ಮಾತ್ರ ಟೇಪ್ ಬಿಟ್ಟುಬಿಡಿ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಅಲ್ಲಿ ಟೇಪಿನ ಕಿತ್ತ ಎಳೆಯನ್ನು ಹಿಡಿಯುವವರಿಲ್ಲ, ನೇರ ಸೊಲೆನಾಯ್ಡಿನ ಸಣ್ಣ ಪೈಲಟ್ ತೂತಿಗೆ ಹೋಗಿ ಕೂರುತ್ತೆ. ವಾಲ್ವ್ ಟಕ್ ಅನ್ನುತ್ತೆ, ಅದು ನಡೆಸುವ ಗಾಳಿ ಸಿಲಿಂಡರ್ ಅಲ್ಲಾಡಲ್ಲ. ಕಾಯಿಲ್ ಹೋಗಿದೆ ಅಂದುಕೊಂಡು ಸುಮ್ಮನೆ ಕಾಯಿಲ್ ಬದಲಿಸುತ್ತಾರೆ.

ಅಲ್ಲಿಗೆ ಲಾಕ್‌ಟೈಟ್ 545 ತರಹದ ಅನೇರೋಬಿಕ್ ಸೀಲೆಂಟ್ ಹಾಕಿ. ಎಣ್ಣೆ ಜಿಡ್ಡು ಪೂರ್ತಿ ತೆಗೆದು, ತುದಿಯ ಒಂದು ಥ್ರೆಡ್ ಬಿಟ್ಟು ಗಂಡು ಥ್ರೆಡ್ಡಿನ ಸುತ್ತ ಒಂದೇ ಬಳೆಯಂತೆ ಬಿಡಿ. ಗಾಳಿ ಸಿಗದೆ ಲೋಹಕ್ಕೆ ತಾಗಿಕೊಂಡಿದ್ದಾಗ ಇದು ಗಟ್ಟಿಯಾಗುತ್ತೆ. ಹೊರಗೆ ಉಕ್ಕಿದ್ದು ಹಸಿಯಾಗೇ ಉಳಿಯುತ್ತೆ, ಒರೆಸಿಬಿಡಿ. ಹಿತ್ತಾಳೆಯಲ್ಲಿ ಬೇಗ, ಸ್ಟೇನ್‌ಲೆಸ್ ಸ್ಟೀಲಲ್ಲಿ ನಿಧಾನ. 24 ಗಂಟೆ ಬಿಟ್ಟು ಪೂರ್ತಿ ಪ್ರೆಶರ್ ಕೊಡುವುದು ಕ್ಷೇಮ. ಪ್ಲಾಸ್ಟಿಕ್ ಥ್ರೆಡ್ಡಿಗೆ ಮಾತ್ರ ಬೇಡ. ಫಿಲ್ಟರಿನ ಪಾಲಿಕಾರ್ಬನೇಟ್ ಬೌಲ್‌ಗೆ ತಾಗಿದರೂ ಬಿರುಕು ಬಿಡಬಹುದು, 8 ಬಾರಲ್ಲಿ ಅದು ಸಿಡಿದರೆ ಕಣ್ಣೇ ಹೋಗುತ್ತೆ. ರೆಗ್ಯುಲೇಟರಿನ ಬಾಡಿ ಎರಕದ್ದು, ಅತಿಯಾಗಿ ಬಿಗಿದರೆ ಪೋರ್ಟ್ ಸೀಳುತ್ತೆ. ಅದನ್ನು ಇನ್ನೊಂದು ಸ್ಪ್ಯಾನರಲ್ಲಿ ಹಿಡಿದುಕೊಂಡೇ ಬಿಗಿಯಿರಿ.

ಕಂಪ್ರೆಸರ್ ಸರ್ವಿಸಿನವರು: ಲೈನ್ ತುಂಬಿ ಕಂಪ್ರೆಸರ್ ಆಫ್ ಮಾಡಿ, ಪ್ರತಿ ಜಾಯಿಂಟಿಗೂ ಬ್ರಷ್ಷಲ್ಲಿ ಸೋಪಿನ ನೀರು ಹಚ್ಚಿ ಒಂದು ನಿಮಿಷ ನೋಡಿ. ಸಣ್ಣ ಸೋರಿಕೆ ತಕ್ಷಣ ಗುಳ್ಳೆ ಎಬ್ಬಿಸಲ್ಲ, ನಿಧಾನಕ್ಕೆ ಬಿಳಿ ನೊರೆ ಕಟ್ಟುತ್ತೆ. 8 ಬಾರಲ್ಲಿ 1 ಮಿ.ಮೀ. ತೂತು ಸೆಕೆಂಡಿಗೆ ಒಂದು ಲೀಟರಿಗೂ ಹೆಚ್ಚು ಗಾಳಿ ತಿನ್ನುತ್ತೆ, ನಿಮ್ಮ ಮೆಷಿನ್ ಕೊಡುವುದರಲ್ಲಿ ಹತ್ತನೇ ಒಂದು ಪಾಲಿಗೂ ಹೆಚ್ಚು. ಗಾಳಿ ಪೂರ್ತಿ ಬಿಟ್ಟ ಮೇಲೆಯೇ ಸ್ಪ್ಯಾನರ್ ಹಾಕಿ.

ಕೇಳಿದವರು: ಟ್ಯೂಬ್ ಒತ್ತಿ ಸಿಕ್ಕಿಸುವ ಪುಶ್-ಇನ್ ಫಿಟ್ಟಿಂಗಿನ ಥ್ರೆಡ್ ಮೇಲೆ ಆಗಲೇ ಬಿಳಿ ಲೇಪ ಇದೆ. ಅದರ ಮೇಲೂ ಹಾಕಬೇಕಾ?

ವಾಲ್ವ್ ರಿಪೇರಿಯವರು: ಬೇಡ, ಆ ಲೇಪವೇ ಸೀಲೆಂಟ್. ಬಿಚ್ಚಿದಾಗ ಲೇಪ ಕಿತ್ತು ಬಂದಿದ್ದರೆ ಮಾತ್ರ ಉಳಿದದ್ದನ್ನು ಉಜ್ಜಿ ತೆಗೆದು 545 ಹಚ್ಚಿ.