ಸಹಾಯ ಬೇಕು: ಫಿಫ್ತ್ ವೀಲ್ ಟ್ರೈಲರ್‌ಗೆ ಯಾವ ಟೈರ್ ಹಾಕಿಸಲಿ?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ದೊಡ್ಡ ಟ್ರೈಲರ್ ಎಳೆದುಕೊಂಡು ಊರೂರು ಸುತ್ತುವವರು ಯಾರಾದರೂ ಇದ್ದರೆ ದಯವಿಟ್ಟು ಸಲಹೆ ಕೊಡಿ.

ನಮ್ಮದು ಎರಡು ಆ್ಯಕ್ಸಲ್‌ಗಳ, 14,000 ಪೌಂಡ್ ತೂಕ ಮಿತಿಯ ಫಿಫ್ತ್ ವೀಲ್, ಅಂದರೆ ಪಿಕಪ್ ಟ್ರಕ್ಕಿನ ಹಿಂಭಾಗದ ಮೇಲೆ ಕೊಂಡಿ ಕೂರಿಸಿ ಎಳೆಯುವ, ಒಳಗೇ ವಾಸಿಸಬಹುದಾದ ಟ್ರೈಲರ್. ಕಳೆದ ವಾರ ಟೆಕ್ಸಸ್‌ನ ಅಮರಿಲ್ಲೊ ದಾಟಿದ ಮೇಲೆ ಬಲಗಡೆಯ ಹಿಂದಿನ ಟೈರ್ ಸಿಡಿಯಿತು. ರಬ್ಬರ್ ಪಟ್ಟಿ ಚಾಟಿಯಂತೆ ಬೀಸಿ ಚಕ್ರದ ಮೇಲಿನ ಹೊದಿಕೆಯನ್ನು ಹರಿದುಹಾಕಿದೆ. ಗ್ಯಾಸ್ ಕೊಳವೆ ಅಲ್ಲಿಂದ ನಾಲ್ಕೇ ಬೆರಳು ದೂರ! ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಉಳಿದ ಮೂರರಲ್ಲಿ ಒಂದರ ಪಕ್ಕ ಉಬ್ಬಿದೆ. ಟೈರ್ ಪಕ್ಕದಲ್ಲಿ ಅಚ್ಚಾಗಿರುವ ಡಾಟ್ ಸಂಖ್ಯೆಯ (ತಯಾರಿಕೆಯ ಗುರುತು) ಕೊನೆಯ ನಾಲ್ಕು ಅಂಕಿ 2318, ಅಂದರೆ 2018ರ 23ನೇ ವಾರ ತಯಾರಾದದ್ದು. ಗೆರೆಗಳು ಸವೆದಿರಲಿಲ್ಲವಾದ್ದರಿಂದ ನಾನು ವಯಸ್ಸು ನೋಡಲೇ ಇಲ್ಲ.

ಈಗಿರುವುದು ಎಸ್‌ಟಿ (ಟ್ರೈಲರ್‌ಗೆಂದೇ ಮಾಡಿದ ಟೈರ್) 235/80 ಆರ್16 ಅಳತೆಯದು, ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಇ. 80 ಪಿಎಸ್‌ಐ ಗಾಳಿಗೆ ತಲಾ 3,520 ಪೌಂಡ್ ಹೊರುತ್ತದೆ. 7,000 ಪೌಂಡ್‌ನ ಆ್ಯಕ್ಸಲ್‌ಗೆ ಎರಡೂ ಸೇರಿ ಮಿಗುವುದು ಬರೀ 40 ಪೌಂಡ್. ಇಷ್ಟು ಬಿಗಿ ಲೆಕ್ಕದಲ್ಲಿ ಇನ್ನು ನಾನು ಹೊರಡುವುದಿಲ್ಲ. ಅದೇ ಅಳತೆಯಲ್ಲಿ ಲೋಡ್ ರೇಂಜ್ ಜಿ ಸಿಗುತ್ತದೆ, 110 ಪಿಎಸ್‌ಐಗೆ 4,400 ಪೌಂಡ್. ನನ್ನ ಮನಸ್ಸು ಆ ದರ್ಜೆಯ ಸೈಲನ್ ಎಸ್637 ಟೈರ್ ಕಡೆಗಿದೆ. ಅಂಗಡಿಯವರು ಮಾತ್ರ ಗುಡ್‌ಇಯರ್ ಎಂಡ್ಯೂರೆನ್ಸ್ ಸಾಕು ಎನ್ನುತ್ತಾರೆ, ಆದರೆ ಅದು ಮತ್ತೆ ಇ.

ಜಿ ಹಾಕಿಸಿಕೊಂಡವರೇ, ಗಟ್ಟಿ ಟೈರ್‌ನಿಂದ ಒಳಗಿನ ಕಪಾಟು, ಪಾತ್ರೆಗಳಿಗೆ ಕುಲುಕಾಟ ಹೆಚ್ಚಾಯಿತೇ? ಅಷ್ಟು ಗಾಳಿಯನ್ನು ನಿಮ್ಮ ಹಳೆಯ ರಿಮ್ ತಡೆಯಿತೇ, ಅದನ್ನೂ ಬದಲಿಸಿದಿರಾ? ರಬ್ಬರ್ ವಾಲ್ವ್ ತೆಗೆಸಿ ಲೋಹದ್ದು ಹಾಕಿಸುವುದಂತೂ ಖಚಿತ.

ತಿಂಗಳ ಕೊನೆಗೆ ಅಪ್ಪ ಅಮ್ಮ ಮೈಸೂರಿನಿಂದ ಬರುತ್ತಾರೆ. ಅವರನ್ನು ಗ್ರ್ಯಾಂಡ್ ಕ್ಯಾನಿಯನ್‌ಗೆ ಕರೆದೊಯ್ಯಬೇಕು, ಅದಕ್ಕೇ ಈ ಅವಸರ.