ಪದಚರ್ಚೆ: ‘ಜೂನಿಯರ್ ಹಾಕಿ’ಯನ್ನು ‘ಕಿರಿಯರ ಹಾಕಿ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಕೆನಡಾದ ಒಂಟಾರಿಯೊದಲ್ಲಿರುವ ಕನ್ನಡ ತಾಯ್ತಂದೆಯರಿಗಾಗಿ ಐಸ್ ಹಾಕಿಯ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮಕ್ಕಳು ಇಲ್ಲೇ ಹುಟ್ಟಿದವರು, ಶಾಲೆಗೆ ಸೇರುವ ಮೊದಲೇ ಕಾಲಿಗೆ ಸ್ಕೇಟ್ ಕಟ್ಟಿಕೊಂಡವರು. ಆಟದ ಒಳಹೊರಗು ಅವರಿಗೆ ಗೊತ್ತು. ತಿಳಿಯದೆ ಒದ್ದಾಡುವವರು ನಾವು, ನಮಗಿಂತ ಹೆಚ್ಚಾಗಿ ಊರಿನಿಂದ ಬಂದು ಕೆಲವು ತಿಂಗಳು ಇದ್ದು ಹೋಗುವ ಅಜ್ಜ ಅಜ್ಜಿಯರು. ಹಾಕಿ ಎಂದರೆ ಅವರಿಗೆ ಕೊಡಗಿನ ಮೈದಾನ ನೆನಪಾಗುತ್ತದೆ. ಇಲ್ಲಿ ಬರೀ ‘ಹಾಕಿ’ ಎಂದರೆ ಮಂಜುಗಡ್ಡೆಯ ಮೇಲಿನದೇ. ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದು. ‘ಜೂನಿಯರ್’ ಎಂಬ ಪದ ಮಾತ್ರ ಹಾಗೆ ಮುಗಿಯುವಂಥದ್ದಲ್ಲ, ಅದಕ್ಕೇ ಈ ಪತ್ರ.

ನಿಘಂಟು ‘ಕಿರಿಯ’ ಎನ್ನುತ್ತದೆ. ‘ಕಿರಿಯರ ಹಾಕಿ ಲೀಗ್’ ಎಂದರೆ ಕೇಳುವುದಕ್ಕೂ ಚೆನ್ನಾಗಿದೆ. ಆದರೆ ಕರ್ನಾಟಕದಲ್ಲಿ ಓದಿದವರಿಗೆ ‘ಕಿರಿಯರ ವಿಭಾಗ’ ಎಂದೊಡನೆ ಕಿರಿಯ ಪ್ರಾಥಮಿಕ ಶಾಲೆ, ಪ್ರತಿಭಾ ಕಾರಂಜಿ, ಚಡ್ಡಿ ಹಾಕಿದ ಮಕ್ಕಳು ಕಣ್ಣಿಗೆ ಬರುತ್ತಾರೆ. ಕೆನಡಾದ ಜೂನಿಯರ್ ಆಟಗಾರನಿಗೆ 16ರಿಂದ 20 ವರ್ಷ. ಮಕ್ಕಳ ಆಟಕ್ಕೆ ಇಲ್ಲಿ ‘ಮೈನರ್ ಹಾಕಿ’ ಎಂಬ ಬೇರೆಯೇ ಹೆಸರಿದೆ (ಅದನ್ನು ‘ಅಪ್ರಾಪ್ತರ ಹಾಕಿ’ ಎಂದರೆ ಕೋರ್ಟು ಕಚೇರಿಯ ವಾಸನೆ ಬರುತ್ತದೆ, ‘ಮಕ್ಕಳ ಹಾಕಿ’ ಸಾಕು). ಜೂನಿಯರ್ ಎಂಬುದು ಅದನ್ನು ದಾಟಿದ ಮೇಲಿನ ಹಂತ, ವೃತ್ತಿಪರ ಆಟದ ಹೊಸ್ತಿಲು. ಅದರಲ್ಲೂ ಮೇಲಿನದು ‘ಮೇಜರ್ ಜೂನಿಯರ್’. ಒಂಟಾರಿಯೊದ ಓಎಚ್‌ಎಲ್, ಪಶ್ಚಿಮ ಪ್ರಾಂತ್ಯಗಳ ಡಬ್ಲ್ಯುಎಚ್‌ಎಲ್, ಕ್ವಿಬೆಕ್ ಮತ್ತು ಅಟ್ಲಾಂಟಿಕ್ ಕರಾವಳಿಯ ಕ್ಯೂಎಂಜೆಎಚ್‌ಎಲ್, ಈ ಮೂರೂ ಲೀಗ್ ಸೇರಿ ಸಿಎಚ್‌ಎಲ್, ಅಂದರೆ ಕೆನಡಿಯನ್ ಹಾಕಿ ಲೀಗ್. ಮೂರೂ ಲೀಗ್‌ಗಳ ಗೆದ್ದ ತಂಡಗಳು, ಜೊತೆಗೆ ಪಂದ್ಯ ನಡೆಸಿಕೊಡುವ ಊರಿನ ತಂಡ, ಒಟ್ಟು ನಾಲ್ಕು ತಂಡಗಳು ಹಾಕಿ ಋತುವಿನ ಕೊನೆಗೆ ಮೆಮೋರಿಯಲ್ ಕಪ್‌ಗಾಗಿ ಸೆಣಸುತ್ತವೆ. ಮೊದಲ ಮಹಾಯುದ್ಧದಲ್ಲಿ ಮಡಿದ ಕೆನಡಾದ ಸೈನಿಕರ ನೆನಪಿಗೆ 1919ರಲ್ಲಿ ಶುರುವಾದ ಕಪ್ ಅದು. ಇಂಥದ್ದನ್ನು ‘ಹಿರಿಯ ಕಿರಿಯರ ಲೀಗ್’ ಎಂದು ಬರೆದರೆ ಓದುವವರಿಗೆ ಏನು ಅರ್ಥವಾದೀತು?

ಒಬ್ಬ ತಾಯಿ ನನ್ನನ್ನು ಕೇಳಿದ ಪ್ರಶ್ನೆ ಇದು: “ಜೂನಿಯರ್ ತಾನೇ? ಸೀನಿಯರ್‌ಗೆ ಹೋಗುವಾಗ ಯೋಚನೆ ಮಾಡಿದರಾಯಿತು, ಅಲ್ವಾ?” ಕನ್ನಡದ ಮನಸ್ಸಿಗೆ ಸಹಜವಾದ ಪ್ರಶ್ನೆಯೇ. ಆದರೆ ಇಲ್ಲಿ ಸೀನಿಯರ್ ಹಾಕಿ ಎಂದರೆ ಊರೂರಿನ ದೊಡ್ಡವರು ಹವ್ಯಾಸಕ್ಕೆ ಆಡುವ ಆಟ. ಜೂನಿಯರ್ ಮುಗಿಸಿದವರು ಏರುವ ಮುಂದಿನ ಮೆಟ್ಟಿಲು ಅದಲ್ಲ. ಯೋಚನೆ ಮಾಡಬೇಕಾದ ಗಳಿಗೆ ಬರುವುದು ಹುಡುಗನಿಗೆ ಹದಿನೈದು, ಹದಿನಾರು ಇರುವಾಗಲೇ. ಬಹಳ ಕಾಲದವರೆಗೆ ಮೇಜರ್ ಜೂನಿಯರ್ ಸೇರಿದ ಹುಡುಗನನ್ನು ಅಮೆರಿಕದ ಕಾಲೇಜು ಕ್ರೀಡೆಯ ಎನ್‌ಸಿಎಎ ಸಂಸ್ಥೆ ವೃತ್ತಿಪರ ಆಟಗಾರನೆಂದೇ ಲೆಕ್ಕ ಹಾಕುತ್ತಿತ್ತು. ಲೀಗ್ ತಿಂಗಳಿಗೆ ಕೊಡುತ್ತಿದ್ದದ್ದು ಕೈಖರ್ಚಿನ ಕಾಸು. ಆದರೂ ಒಂದು ಸಹಿ ಬಿತ್ತೆಂದರೆ ಕಾಲೇಜು ಹಾಕಿಯ ಬಾಗಿಲು ಮುಚ್ಚಿದಂತೆಯೇ. ಆ ನಿಯಮ ಬದಲಾಯಿಸಲು 2024ರ ನವೆಂಬರಿನಲ್ಲಿ ತೀರ್ಮಾನವಾಯಿತು, 2025ರ ಆಗಸ್ಟಿನಿಂದ ಬಾಗಿಲು ತೆರೆದಿದೆ. ಅಷ್ಟು ವರ್ಷ ಎಷ್ಟು ಮನೆಗಳಲ್ಲಿ ಈ ಒಂದು ಸಹಿಗಾಗಿ ರಾತ್ರಿಯಿಡೀ ಮಾತು ನಡೆದಿದೆಯೋ. ‘ಕಿರಿಯರ’ ಎಂಬ ಪದ ಈ ಭಾರವನ್ನೆಲ್ಲ ಮರೆಮಾಡುತ್ತದೆ ಎಂಬುದೇ ನನ್ನ ತಕರಾರು.

ನನ್ನ ಸಲಹೆ, ‘ಜೂನಿಯರ್’ ಅನ್ನು ಹಾಗೆಯೇ ಇಟ್ಟುಕೊಳ್ಳೋಣ. ಸೋಮಾರಿತನದಿಂದ ಹೇಳುತ್ತಿಲ್ಲ. ಈ ಪದ ಕನ್ನಡದಲ್ಲಿ ಈಗಾಗಲೇ ಬೇರು ಬಿಟ್ಟಿದೆ, ಅದೂ ನಮಗೆ ಬೇಕಾದ ಅರ್ಥದಲ್ಲಿ. “ದೊಡ್ಡ ವಕೀಲರ ಹತ್ತಿರ ಮೂರು ವರ್ಷ ಜೂನಿಯರ್ ಆಗಿದ್ದೆ” ಎನ್ನುವವನು ಚಿಕ್ಕ ಹುಡುಗನಲ್ಲ. ಕಸುಬು ಕಲಿಯುತ್ತಿದ್ದಾನೆ, ಕೈಗೆ ಬರುವುದು ಅಷ್ಟಕ್ಕಷ್ಟೇ, ನಾಳೆ ಸ್ವಂತಕ್ಕೆ ಕೋಟು ತೊಟ್ಟು ನಿಲ್ಲುವವನು. ಪಿಯುಸಿಗೆ ‘ಜೂನಿಯರ್ ಕಾಲೇಜು’ ಎನ್ನುವ ರೂಢಿಯೂ ಇದೆ, ಆ ವಯಸ್ಸೂ ಇದಕ್ಕೆ ಹೊಂದುತ್ತದೆ. ನಿಮಗೆ ಒಪ್ಪಿಗೆಯಾಗದಿದ್ದರೆ ಬೇರೆ ಪದ ಸೂಚಿಸಿ, ಆದರೆ ಅದು ‘ಕಿರಿಯ’ ಆಗದಿರಲಿ.

ವಯಸ್ಸಿನ ಗುಂಪುಗಳಿಗೆ ನಮ್ಮಲ್ಲಿ ಒಳ್ಳೆಯ ಪದವೇ ಇದೆ. ಹಾಕಿ ಕೆನಡಾ ಸಂಸ್ಥೆ ಹಳೆಯ ಅಡ್ಡಹೆಸರುಗಳನ್ನೆಲ್ಲ ಬಿಟ್ಟು 2020ರಿಂದ 7, 9, 11, 13, 15, 18 ವರ್ಷದೊಳಗಿನವರು ಎಂದು ಗುಂಪು ಮಾಡುತ್ತಿದೆ. ಬಿಟ್ಟ ಹೆಸರುಗಳಲ್ಲಿ ಒಂದು ಕುಳ್ಳಗಿರುವವರನ್ನು ಹೀಯಾಳಿಸುವ ಪದವಾಗಿತ್ತು, ಹೋದದ್ದೇ ಒಳ್ಳೆಯದಾಯಿತು. ಗುಂಪಿಗೆ ಎಣಿಸುವುದು ಹುಟ್ಟಿದ ಇಸವಿಯನ್ನು. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ಹತ್ತು ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳ ಅಂತರ ಎಂದರೆ ಎಲುಬಿನಲ್ಲೇ ಕಾಣುತ್ತದೆ. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ದೊಡ್ಡ ತಂಡಗಳಲ್ಲಿ ಹೆಚ್ಚು ತುಂಬಿರುವುದನ್ನು ಕೆನಡಾದ ಸಂಶೋಧಕರು 1980ರ ದಶಕದಲ್ಲೇ ತೋರಿಸಿದ್ದಾರೆ. ರಿಂಕಿನ ಬೆಂಚಿನಲ್ಲಿ ಪಕ್ಕ ಕೂತ ಅಪ್ಪ ಕೇಳುವ ಮೊದಲ ಮಾತೇ “ನಿಮ್ಮವನು ಯಾವ ಇಸವಿ?” ಒಂದೇ ವರ್ಷದಲ್ಲಿ ಹುಟ್ಟಿದ ಈ ಗುಂಪಿಗೆ ನಾನು ‘ಓರಗೆ’ ಎಂದು ಬರೆದಿದ್ದೇನೆ: “2010ರ ಓರಗೆಯವರು”. ಉತ್ತರ ಕರ್ನಾಟಕದವರು ‘ವಾರಿಗಿ’ ಎನ್ನುತ್ತಾರೆ. ‘ಸಮವಯಸ್ಕರು’ ಎಂಬುದಕ್ಕಿಂತ ಇದರಲ್ಲಿ ಜೀವ ಇದೆ. ಆದರೆ ಓರಗೆ ಎನ್ನುವಾಗ ಇಷ್ಟು ನಿಖರವಾದ ಗಡಿ ಇರುತ್ತದೆಯೇ ಎಂಬುದು ನನ್ನ ಸಂಶಯ. ಬಲ್ಲವರು ಹೇಳಬೇಕು.

ಇನ್ನು ‘ಡ್ರಾಫ್ಟ್’. ‘ಕರಡು’ ಎಂದು ಬರೆದವರನ್ನೂ ನೋಡಿದ್ದೇನೆ, ಅದು ಆಗದ ಮಾತು. ಐಪಿಎಲ್ ನೋಡುವವರು ‘ಹರಾಜು’ ಎನ್ನುತ್ತಾರೆ. ಹರಾಜಿನಲ್ಲಿ ಹಣ ಕೂಗಬೇಕು, ಇಲ್ಲಿ ಬೆಲೆ ಕಟ್ಟುವುದೇ ಇಲ್ಲ. ತಂಡಗಳು ಒಂದಾದ ಮೇಲೊಂದು ತಮ್ಮ ಸರದಿ ಬಂದಾಗ ಒಬ್ಬೊಬ್ಬ ಹುಡುಗನ ಹೆಸರು ಹೇಳುತ್ತವೆ. ಹಿಂದಿನ ವರ್ಷ ಸೋತು ಕೆಳಗಿದ್ದ ತಂಡಕ್ಕೆ ಸಾಮಾನ್ಯವಾಗಿ ಮೊದಲ ಸರದಿಗಳಲ್ಲಿ ಜಾಗ. ಅದಕ್ಕೆ ‘ಸರದಿ ಆಯ್ಕೆ’ ಎಂದು ಬರೆದಿದ್ದೇನೆ. ಧಾರವಾಡದ ಕಡೆಯವರಿಗೆ ‘ಪಾಳಿ ಆಯ್ಕೆ’ ಹೆಚ್ಚು ಹತ್ತಿರವೇನೋ. ಹೆಸರು ಕೂಗಿದ ಮಾತ್ರಕ್ಕೆ ಹುಡುಗ ತಂಡ ಸೇರಿದಂತಲ್ಲ, ಆ ಲೀಗ್‌ನಲ್ಲಿ ಅವನನ್ನು ಆಡಿಸುವ ಹಕ್ಕು ಅವರಿಗೆ ಬಂತು, ಅಷ್ಟೆ. ಈ ವ್ಯತ್ಯಾಸ ಗೊತ್ತಿಲ್ಲದೆ ಊರಿಗೆಲ್ಲ ಸಿಹಿ ಹಂಚಿದವರಿದ್ದಾರೆ.

‘ಓವರೇಜ್’ ಆಟಗಾರರಿಗೆ ‘ವಯೋಮಿತಿ ಮೀರಿದವರು’ ಎಂದರೆ ಅರ್ಥ ತಲೆಕೆಳಗಾಗುತ್ತದೆ. ನಮ್ಮ ನೇಮಕಾತಿ ಪ್ರಕಟಣೆಗಳ ಭಾಷೆಯಲ್ಲಿ ಮಿತಿ ಮೀರಿದವನು ಅನರ್ಹ. ಇಲ್ಲಿ ಇಪ್ಪತ್ತರ ಹುಡುಗರು ಅರ್ಹರು, ಒಂದು ತಂಡಕ್ಕೆ ಅಂಥ ಮೂವರಿಗೆ ಜಾಗ, ನಾಯಕರಾಗುವವರು ಎಷ್ಟೋ ಸಲ ಅವರೇ. ‘ಕೊನೆ ವರ್ಷದವರು’ ಎಂದು ಬರೆಯುತ್ತೇನೆ. ಹದಿನೈದಕ್ಕೇ ಲೀಗ್ ಪೂರ್ತಿ ಆಡಲು ಸಿಗುವ ವಿಶೇಷ ಅನುಮತಿ, 2005ರಲ್ಲಿ ಜಾನ್ ಟವಾರೆಸ್‌ಗೆ ಮೊದಲು ಸಿಕ್ಕಿದ್ದು, 2012ರಲ್ಲಿ ಕಾನರ್ ಮೆಕ್‌ಡೇವಿಡ್‌ಗೂ ಸಿಕ್ಕಿದ್ದು, ಅದಕ್ಕೆ ‘ಅಸಾಧಾರಣ ಆಟಗಾರ’ ಸಾಕು. ಆಟದ ರಬ್ಬರ್ ತುಂಡಿಗೆ ‘ಬಿಲ್ಲೆ’ ಎನ್ನಬೇಕೆಂಬುದು ನನ್ನ ಆಸೆ. ಇಲ್ಲಿನ ಪಂಜಾಬಿ ವೀಕ್ಷಕ ವಿವರಣೆಗಾರರು ಅದನ್ನು ‘ಟಿಕ್ಕಿ’ ಎಂದು ಕರೆದು ಮನೆಮಾತಾಗಿಸಿದ್ದಾರೆ, ನಾವೇಕೆ ಹಿಂಜರಿಯಬೇಕು?

ನನಗೆ ನಿಜವಾಗಿ ನಿಮ್ಮ ನೆರವು ಬೇಕಾಗಿರುವುದು ‘ಬಿಲೆಟ್’ ಎಂಬ ಪದಕ್ಕೆ. ಆಯ್ಕೆಯಾದ ಹುಡುಗನ ತಂಡ ಮನೆಯಿಂದ ನೂರಾರು ಮೈಲಿ ದೂರದ ಊರಿನಲ್ಲಿರಬಹುದು. ಹದಿನಾರಕ್ಕೇ ಮನೆ ಬಿಟ್ಟು ಹೊರಡುತ್ತಾನೆ. ಆ ಊರಿನ ಒಂದು ಕುಟುಂಬ ಅವನನ್ನು ಹಾಕಿ ಋತು ಮುಗಿಯುವವರೆಗೆ ಮನೆಯಲ್ಲಿ ಇಟ್ಟುಕೊಳ್ಳುತ್ತದೆ. ತಂಡ ಊಟದ ಖರ್ಚಿಗೆಂದು ತಿಂಗಳಿಗಿಷ್ಟು ಕೊಡುತ್ತದೆ, ಆದರೆ ಲಾಭಕ್ಕೆ ಮಾಡುವ ಕೆಲಸ ಅಲ್ಲ. ನನ್ನ ಪಕ್ಕದ ಮನೆಯವರು ಹೀಗೆ ಒಬ್ಬನನ್ನು ಇಟ್ಟುಕೊಂಡಿದ್ದರು. ಪಂದ್ಯದ ದಿನ ಮಧ್ಯಾಹ್ನ ಪಾತ್ರೆ ತುಂಬ ಪಾಸ್ತಾ, ಆಮೇಲೆ ಒಂದು ನಿದ್ದೆ, ಗರಾಜಿನಲ್ಲಿ ಫ್ಯಾನಿನ ಮುಂದೆ ನೇತುಹಾಕಿದ ಒದ್ದೆ ಗ್ಲೋವ್ಸು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಗಣಿತ ಪರೀಕ್ಷೆಯ ವೇಳಾಪಟ್ಟಿ. ರಾತ್ರಿ ಇಂತಿಷ್ಟು ಹೊತ್ತಿಗೆ ಮನೆ ಸೇರಬೇಕೆಂಬ ನಿಯಮ ತಂಡದ್ದು, ಬಾಗಿಲಲ್ಲಿ ಕಾಯುವವರು ಈ ಅಮ್ಮ. ಅವನು ಆಡಿದ ಒಂದೊಂದು ಋತುವಿಗೂ ಮುಂದೆ ಒಂದೊಂದು ವರ್ಷದ ಕಾಲೇಜು ಓದಿನ ಖರ್ಚನ್ನು ಲೀಗ್ ಕೊಡುತ್ತದೆ. ಆ ಓದಿಗೆ ಹುಡುಗ ತಯಾರಾಗುವಂತೆ ನೋಡಿಕೊಂಡದ್ದು ಮಾತ್ರ ಅಡುಗೆಮನೆಯ ಮೇಜಿನ ಮುಂದೆ ಕೂತ ಆ ದಂಪತಿ.

ಇವರನ್ನು ಏನೆನ್ನೋಣ? ‘ಅತಿಥೇಯ ಕುಟುಂಬ’ ಎಂದರೆ ಎರಡು ದಿನಕ್ಕೆ ಬಂದ ನೆಂಟರ ಉಪಚಾರ. ‘ಆಶ್ರಯದಾತರು’ ಎಂದರೆ ಹುಡುಗ ದಿಕ್ಕಿಲ್ಲದವನಾಗುತ್ತಾನೆ. ‘ಸಾಕು ತಂದೆತಾಯಿ’ ಎಂದರೆ ಹೆತ್ತವರ ಮನಸ್ಸು ನೋಯುತ್ತದೆ. ‘ಪೇಯಿಂಗ್ ಗೆಸ್ಟ್’ ಅಂತೂ ಸಲ್ಲದು.

ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ವಾರಾನ್ನದ ಕಡೆಗೆ. ಹಳ್ಳಿಯಿಂದ ಮೈಸೂರಿಗೋ ಧಾರವಾಡಕ್ಕೋ ಓದಲು ಬಂದ ಹುಡುಗರಿಗೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಹಾಗೆ ಓದಿ ದೊಡ್ಡವರಾದವರ ಆತ್ಮಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಇಲ್ಲಿ ದಿನಕ್ಕೊಂದು ಮನೆ ಇಲ್ಲ, ಒಂದೇ ಮನೆ, ಊಟದ ಜೊತೆ ಹಾಸಿಗೆಯೂ. ಬಡತನದ ಎಳೆಯೂ ಇಲ್ಲ. ಹಾಗಾಗಿ ಪದವನ್ನು ಇದ್ದಂತೆ ತರಲಾಗದು. ಆದರೆ ಇನ್ನೊಬ್ಬರ ಮಗ ಮುಂದೆ ಬರಲಿ ಎಂದು ತಮ್ಮ ತಟ್ಟೆಯ ಪಕ್ಕ ಇನ್ನೊಂದು ತಟ್ಟೆ ಹಾಕುವ ಮನಸ್ಸು ಅದೇ. ವಾರಾನ್ನ ಉಂಡು ಓದಿದ ಹಿರಿಯರು, ಅವರ ಮಕ್ಕಳು ಈ ಬಳಗದಲ್ಲಿ ಇರಬಹುದು. ಆ ಮನೆಗಳನ್ನು ‘ವಾರದ ಮನೆ’ ಎನ್ನುತ್ತಿದ್ದುದನ್ನು ಕೇಳಿದ್ದೇನೆ. ಬಡಿಸಿದ ಆ ತಾಯಿಯನ್ನು, ಆ ಮನೆಯ ಯಜಮಾನರನ್ನು ಹುಡುಗರು ಏನೆಂದು ಕರೆಯುತ್ತಿದ್ದರು? ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದು ಓದಿದವರಿಗೆ ನಿಮ್ಮ ಊರಿನ ಕಡೆ ಬೇರೆ ಹೆಸರಿತ್ತೇ? ಕರಾವಳಿಯ, ಮಲೆನಾಡಿನ, ಹೈದರಾಬಾದ್ ಕರ್ನಾಟಕದ ಬಳಕೆಗಳೂ ಬರಲಿ, ಊರಿನ ಹೆಸರಿನೊಂದಿಗೆ ಬರೆದರೆ ಇನ್ನೂ ಉಪಕಾರ.