34 ವರ್ಷ ಹಳೆಯ ಪವರ್ ಟ್ರಾನ್ಸ್‌ಫಾರ್ಮರ್: ಆಯಿಲ್ ಫಿಲ್ಟರ್ ಮಾಡಿಸಿದರೆ ಇನ್ನೈದು ವರ್ಷ ಓಡೀತೇ?

ಯಾರ್ಡ್66
66/11 ಕೆವಿ, 12.5 ಎಂವಿಎ ಯೂನಿಟ್, ಆನ್‌ಲೋಡ್ ಟ್ಯಾಪ್ ಚೇಂಜರ್ (ಲೋಡ್ ಇರುವಾಗಲೇ ವೋಲ್ಟೇಜ್ ಹೊಂದಿಸುವ ಸ್ವಿಚ್) ಇದೆ. ಇತ್ತೀಚಿನ ಆಯಿಲ್ ರಿಪೋರ್ಟ್: ಬಿಡಿವಿ (ಆಯಿಲ್ ತಡೆಯುವ ವೋಲ್ಟೇಜ್) 36 ಕೆವಿ, ತೇವಾಂಶ 34 ಪಿಪಿಎಂ, ಆಮ್ಲೀಯತೆ 0.27, ಫ್ಯುರಾನ್ (2-ಎಫ್‌ಎಎಲ್; ಒಳಗಿನ ಕಾಗದ ಸವೆದಾಗ ಆಯಿಲ್‌ಗೆ ಸೇರುವ ರಾಸಾಯನಿಕ) 2.8 ಪಿಪಿಎಂ. ಡಿಜಿಎಯಲ್ಲಿ (ಆಯಿಲ್‌ನಲ್ಲಿ ಕರಗಿದ ಗ್ಯಾಸ್‌ಗಳ ಪರೀಕ್ಷೆ) ಹೈಡ್ರೋಜನ್ 15, ಅಸಿಟಿಲೀನ್ 45 ಪಿಪಿಎಂ; ಉಳಿದ ಗ್ಯಾಸ್‌ಗಳು ಮಾಮೂಲಿ. ಬೇಸಿಗೆ ಪೀಕ್‌ನಲ್ಲಿ ಫುಲ್ ಲೋಡ್. ಫಿಲ್ಟರ್ ಮಾಡಿಸಿ ಮುಂದುವರಿಸಬಹುದೇ? ಯೂನಿಟ್ ಬಿಟ್ಟು ಅಕ್ಕಪಕ್ಕ ಇನ್ನೇನು ನೋಡಬೇಕು?

ಕೋರ್‌ಕಾಯಿಲ್
ಈ ರಿಪೋರ್ಟ್‌ನಲ್ಲಿ ಮೊದಲು ನೋಡಬೇಕಾದದ್ದು ಫ್ಯುರಾನ್, ಬಿಡಿವಿ ಆಮೇಲೆ. ಫ್ಯುರಾನ್‌ನಿಂದ ಕಾಗದದ ಸ್ಥಿತಿ ಅಂದಾಜಿಸುವ ಚೆಂಡಾಂಗ್ ಸೂತ್ರಕ್ಕೆ 2.8 ಹಾಕಿದರೆ, ವೈಂಡಿಂಗ್‌ಗೆ ಸುತ್ತಿದ ಕಾಗದದ ಡಿಪಿ (ನಾರಿನ ಸರಪಳಿಯ ಉದ್ದ, ಅಂದರೆ ಗಟ್ಟಿತನದ ಅಳತೆ) ಸುಮಾರು 300 ಬರುತ್ತದೆ. ಹೊಸ ಕಾಗದದ್ದು 1000ದ ಆಸುಪಾಸು ಇರುತ್ತದೆ, 200 ಅಂದರೆ ಆಯಸ್ಸು ತೀರಿದ ಲೆಕ್ಕ. ಸೂತ್ರ ಅಂದಾಜು ಮಾತ್ರ, ಅದೂ ಸಾದಾ ಕ್ರಾಫ್ಟ್ ಕಾಗದಕ್ಕೆ. ಆದರೂ ದಿಕ್ಕು ಸ್ಪಷ್ಟ. ಆಯಿಲ್ ಬದಲಾಯಿಸಬಹುದು, ಕಾಗದ ಬದಲಾಯಿಸಬೇಕೆಂದರೆ ರೀವೈಂಡಿಂಗ್ ಒಂದೇ ದಾರಿ.

ಫಿಲ್ಟರ್ ಏಕೆ ಸಾಲದು ಎನ್ನುವುದಕ್ಕೆ ಒಂದು ಲೆಕ್ಕ. ನಿಮ್ಮ ಟ್ಯಾಂಕ್‌ನಲ್ಲಿ 7 ಟನ್ ಆಯಿಲ್ ಇದೆ ಎಂದುಕೊಳ್ಳಿ. 34 ಪಿಪಿಎಂ ಎಂದರೆ ಅದರಲ್ಲಿರುವ ನೀರು ಕಾಲು ಕೆಜಿಯೂ ಇಲ್ಲ. ಒಳಗೆ 1 ಟನ್ ಕಾಗದ, ಪ್ರೆಸ್‌ಬೋರ್ಡ್ ಇದ್ದು ಅದರ ತೇವ 2.5% ಆದರೆ ಅಲ್ಲಿ 25 ಕೆಜಿ ನೀರಿದೆ. ಫಿಲ್ಟರ್ ಮಷಿನ್ ಆ ಕಾಲು ಕೆಜಿ ತೆಗೆಯುತ್ತದೆ, ಕಾಗದ ಮತ್ತೆ ಅಷ್ಟನ್ನು ಬಿಟ್ಟುಕೊಡುತ್ತದೆ. ಹಾಗಾಗಿಯೇ ಫಿಲ್ಟರ್ ಮುಗಿದ ದಿನ ರೀಡಿಂಗ್ ಚೆನ್ನಾಗಿರುತ್ತದೆ, ಕೆಲವು ತಿಂಗಳಲ್ಲಿ ಹಳೇ ಕಥೆ. ಆನ್‌ಲೈನ್ ಡ್ರೈ‌ಔಟ್ ಸಿಲಿಂಡರ್ (ಯೂನಿಟ್ ಓಡುತ್ತಿರುವಾಗಲೇ ಆಯಿಲ್‌ನ ನೀರು ಹೀರುವುದು) ಕೂರಿಸಿ ತಿಂಗಳುಗಟ್ಟಲೆ ಓಡಿಸಿದರೆ ಕಾಗದದ ನೀರು ನಿಧಾನಕ್ಕೆ ಇಳಿಯುತ್ತದೆ.

ಆಮ್ಲೀಯತೆ 0.27 ಸಾದಾ ವ್ಯಾಕ್ಯೂಮ್ ಫಿಲ್ಟರ್‌ಗೆ ಬಗ್ಗುವುದಿಲ್ಲ. ಫುಲ್ಲರ್ಸ್ ಅರ್ತ್ (ಆಮ್ಲ ಹೀರುವ ಜೇಡಿಮಣ್ಣು) ಹಾಕಿ ರೀಕ್ಲಮೇಷನ್ ಮಾಡಿಸಬೇಕು. ಒಂದು ಎಚ್ಚರಿಕೆ: ರೀಕ್ಲಮೇಷನ್ ಆದಮೇಲೆ ಫ್ಯುರಾನ್ ಕೂಡ ಬಹುತೇಕ ತೊಳೆದುಹೋಗುತ್ತದೆ. ಮುಂದಿನ ರಿಪೋರ್ಟ್‌ನಲ್ಲಿ 0.1 ಕಂಡರೆ ಕಾಗದ ಚಿಗುರಿತು ಎಂದಲ್ಲ. ಇವತ್ತಿನ ರಿಪೋರ್ಟನ್ನು ಹಿಸ್ಟರಿ ಕಾರ್ಡ್‌ಗೆ ಲಗತ್ತಿಸಿಡಿ.

ಲೋಡ್ ವಿಷಯ: ಸಾದಾ ಕಾಗದಕ್ಕೆ ಹಾಟ್‌ಸ್ಪಾಟ್ (ವೈಂಡಿಂಗ್‌ನ ಅತಿ ಬಿಸಿ ಜಾಗ) 98 ಡಿಗ್ರಿಯಲ್ಲಿ ಸವೆತದ ವೇಗ 1 ಎಂದು ಹಿಡಿದರೆ, ಪ್ರತಿ 6 ಡಿಗ್ರಿಗೆ ಅದು ಇಮ್ಮಡಿ. 110ಕ್ಕೆ ಹೋದರೆ ನಾಲ್ಕು ಪಟ್ಟು. ರೇಡಿಯೇಟರ್ ಫಿನ್ ತೊಳೆಸಿ, ಫ್ಯಾನ್ ಸ್ಟಾರ್ಟ್ ಆಗುವ ಸೆಟ್ಟಿಂಗ್ ಇಳಿಸಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಬೇರೆ ಯಾವುದರಲ್ಲೂ ಇಲ್ಲ.

ಡಿಪಿ 300ರ ಕಾಗದ ಸುಮ್ಮನಿದ್ದಾಗ ವೋಲ್ಟೇಜ್ ತಡೆಯುತ್ತದೆ. ಅದು ಹರಿಯುವುದು ಹೊರಗಿನ ಫಾಲ್ಟ್ ಬಂದಾಗ. ವೈಂಡಿಂಗ್ ಮೇಲಿನ ಬಲ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ 10 ಪಟ್ಟಾದರೆ ಬಲ 100 ಪಟ್ಟು. ಆದ್ದರಿಂದ 11 ಕೆವಿ ಫೀಡರ್‌ಗಳ ಮೊದಲ ಒಂದೆರಡು ಕಿಲೋಮೀಟರ್‌ನಲ್ಲಿ ಮರದ ಕೊಂಬೆ ಕಡಿಸಿ, ಆಟೋ ರಿಕ್ಲೋಸ್ (ಟ್ರಿಪ್ ಆದ ಫೀಡರ್ ತಾನಾಗಿ ಮತ್ತೆ ಚಾಲೂ ಆಗುವುದು) ಒಂದೇ ಸಲಕ್ಕೆ ಮಿತಿಗೊಳಿಸಿ. ಟ್ರಿಪ್ ಆದ ಫೀಡರನ್ನು 'ಇನ್ನೊಂದ್ಸಲ ಹಾಕಿ ನೋಡೋಣ' ಎನ್ನುವ ಚಾಳಿ ಇಂಥ ಯೂನಿಟ್‌ಗೆ ವಿಷ.

ಯಾರ್ಡ್66
ಅಸಿಟಿಲೀನ್ 45 ಅಂದರೆ ಒಳಗೆ ಕಿಡಿ ಹಾರುತ್ತಿದೆ ಅಂತಲ್ಲವೇ?

ಕೋರ್‌ಕಾಯಿಲ್
ಇರಲಿಕ್ಕಿಲ್ಲ. ಅಸಿಟಿಲೀನನ್ನು ಹೈಡ್ರೋಜನ್‌ನಿಂದ ಭಾಗಿಸಿ: 3. ಈ ಅನುಪಾತ 2–3 ದಾಟಿದರೆ ಮೊದಲ ಅನುಮಾನ ಟ್ಯಾಪ್ ಚೇಂಜರ್ ಮೇಲೆ. ಟ್ಯಾಪ್ ಬದಲಾಗುವಾಗ ಕಿಡಿ ಏಳುವುದು ಅದರ ಡೈವರ್ಟರ್ ಚೇಂಬರ್‌ನಲ್ಲಿ; ಅದರ ಸೀಲ್ ಗಟ್ಟಿಯಾಗಿ ಬಿರಿದು, ಅಲ್ಲಿಯ ಕಪ್ಪು ಆಯಿಲ್ ಮೇನ್ ಟ್ಯಾಂಕ್‌ಗೆ ಜಿನುಗಿರಬಹುದು. ಎರಡೂ ಕನ್ಸರ್ವೇಟರ್‌ಗಳ (ಮೇಲಿನ ಆಯಿಲ್ ತೊಟ್ಟಿಗಳ) ಮಟ್ಟ ಗುರುತು ಹಾಕಿಕೊಂಡು ಗಮನಿಸಿ. ಟ್ಯಾಪ್ ಚೇಂಜರ್ ಕಡೆಯದು ಇಳಿಯುತ್ತಾ ಮೇನ್ ಏರುತ್ತಿದ್ದರೆ ಸೀಲ್ ಹೋಗಿದೆ. ಸೀಲ್ ಬದಲಿಸಿ, ಡೀಗ್ಯಾಸ್ ಮಾಡಿ, ತಿಂಗಳ ನಂತರ ಮತ್ತೆ ಸ್ಯಾಂಪಲ್. ಆಗಲೂ ಅಸಿಟಿಲೀನ್, ಹೈಡ್ರೋಜನ್ ಎರಡೂ ಏರುತ್ತಿದ್ದರೆ ಯೂನಿಟ್ ಆಫ್ ಮಾಡಿ. ಸ್ಯಾಂಪಲ್ ಗಾಜಿನ ಸಿರಿಂಜ್‌ನಲ್ಲೇ ತೆಗೆಯಿರಿ, ಮೊದಲ ಒಂದೆರಡು ಲೀಟರ್ ಹೊರಗೆ ಬಿಟ್ಟು, ಗುಳ್ಳೆ ಇಲ್ಲದಂತೆ. ಆಯಿಲ್ ಟೆಂಪರೇಚರ್ ಬರೆಯದ ತೇವಾಂಶದ ರೀಡಿಂಗ್‌ಗೆ ಅರ್ಥವಿಲ್ಲ.

ಟ್ಯಾನ್‌ಡೆಲ್ಟಾ
ಬುಶಿಂಗ್ (ಲೈನನ್ನು ಟ್ಯಾಂಕ್ ಒಳಗೆ ಒಯ್ಯುವ ಇನ್ಸುಲೇಟರ್) ಯಾರೂ ಹೇಳಲಿಲ್ಲ. ಹಳೆಯ ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ ಬೀಳುವುದಕ್ಕೆ ಎಷ್ಟೋ ಸಲ ಅದೇ ಕಾರಣ. 66 ಕೆವಿ ಕಡೆಯವು ಆಯಿಲ್-ಕಾಗದದ ಕಂಡೆನ್ಸರ್ ಬುಶಿಂಗ್ ಆಗಿದ್ದರೆ ಟ್ಯಾನ್ ಡೆಲ್ಟಾ (ಇನ್ಸುಲೇಷನ್‌ನ ನಷ್ಟದ ಅಳತೆ) ಜೊತೆಗೆ ಸಿ1 ಕೆಪಾಸಿಟೆನ್ಸ್ (ಕಂಡಕ್ಟರ್‌ನಿಂದ ಟೆಸ್ಟ್ ಟ್ಯಾಪ್‌ವರೆಗಿನದು) ಅಳೆದು ನೇಮ್‌ಪ್ಲೇಟ್ ಜೊತೆ ಹೋಲಿಸಿ. ಒಳಗೆ 20 ಪದರ ಇದ್ದು ಒಂದು ಶಾರ್ಟ್ ಆದರೆ ಕೆಪಾಸಿಟೆನ್ಸ್ 5% ಏರುತ್ತದೆ. ಆಮೇಲೆ ಉಳಿದ 19ರ ಮೇಲೆ ಒತ್ತಡ ಹೆಚ್ಚು. 5% ಏರಿಕೆ ಕಂಡರೆ ಬದಲಿಸಿ, 'ಮುಂದಿನ ಶಟ್‌ಡೌನ್‌ಗೆ ನೋಡೋಣ' ಬೇಡ. ಟೆಸ್ಟ್ ಮುಗಿದಮೇಲೆ ಬುಶಿಂಗ್‌ನ ಟೆಸ್ಟ್ ಟ್ಯಾಪ್‌ನ ಮುಚ್ಚಳ ಮತ್ತೆ ಹಾಕಿದ್ದನ್ನು ಇಬ್ಬರು ನೋಡಿ ಸಹಿ ಮಾಡಲಿ. ಆ ಮುಚ್ಚಳವೇ ಟ್ಯಾಪನ್ನು ಅರ್ತ್ ಮಾಡುವುದು. ಅದನ್ನು ಮರೆತು ಚಾರ್ಜ್ ಮಾಡಿದರೆ ಟ್ಯಾಪ್ ತೇಲುತ್ತದೆ, ಅಲ್ಲಿ ಆರ್ಕ್ ಆಗಿ ಚೆನ್ನಾಗಿದ್ದ ಬುಶಿಂಗೇ ಸಿಡಿಯುತ್ತದೆ.

ಡಿಸಿಬ್ಯಾಂಕ್
ಮೇಲಿನ ಎಲ್ಲವೂ ಬ್ರೇಕರ್ ಸಮಯಕ್ಕೆ ಬಿಚ್ಚಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಬ್ರೇಕರ್ ಟ್ರಿಪ್ ಮಾಡಿಸುವ ಬ್ಯಾಟರಿ 110 ವೋಲ್ಟ್ ಬ್ಯಾಂಕ್, 55 ಸೆಲ್ ಇದ್ದರೆ ಫ್ಲೋಟ್‌ನಲ್ಲಿ (ಚಾರ್ಜರ್ ಸದಾ ಜೋಡಿಸಿರುವಾಗ) ಮೀಟರ್ 121 ತೋರಿಸುತ್ತದೆ. ಅದು ಚಾರ್ಜರ್‌ನ ವೋಲ್ಟೇಜ್, ಬ್ಯಾಟರಿಯ ಶಕ್ತಿಯಲ್ಲ. ಚಾರ್ಜರ್ ಬೇರ್ಪಡಿಸಿ, 10 ಗಂಟೆ ರೇಟಿನಲ್ಲಿ ಡಿಸ್ಚಾರ್ಜ್ ಮಾಡಿ, ಸೆಲ್ ಒಂದೊಂದನ್ನೂ ಗಂಟೆಗೊಮ್ಮೆ ಅಳೆಯಿರಿ. 54 ಸೆಲ್ ಚೆನ್ನಾಗಿದ್ದು ಒಂದು ಓಪನ್ ಆದರೂ ಬ್ಯಾಟರಿಯಿಂದ ಟ್ರಿಪ್ ಕಾಯಿಲ್‌ಗೆ (ಬ್ರೇಕರ್ ಬಿಚ್ಚಿಸುವ ಸುರುಳಿ) ಕರೆಂಟ್ ಹೋಗುವುದಿಲ್ಲ. ಟೆಸ್ಟ್ ನಡೆಯುವಾಗ ಬದಲಿ ಬ್ಯಾಂಕ್ ಕೊಟ್ಟಿರಬೇಕು, ಇಲ್ಲವಾದರೆ ಆ ಹತ್ತು ಗಂಟೆ ಪ್ರೊಟೆಕ್ಷನ್ ಬರೀ ಹೆಸರಿಗೆ.

ಬ್ರೇಕರ್ ಟೈಮಿಂಗ್ ತೆಗೆಯುವಾಗ ಮೊದಲ ಓಪನಿಂಗನ್ನೇ ರೆಕಾರ್ಡ್ ಮಾಡಿ. ವರ್ಷಗಟ್ಟಲೆ ಅಲುಗದ ಮೆಕ್ಯಾನಿಸಂನಲ್ಲಿ ಗ್ರೀಸ್ ಗಟ್ಟಿಯಾಗಿರುತ್ತದೆ. ಮೊದಲ ಸಲ 180 ಮಿಲಿಸೆಕೆಂಡ್ ತೆಗೆದುಕೊಂಡದ್ದು, ಎರಡು ಸಲ ಆಡಿಸಿದ ಮೇಲೆ 50ಕ್ಕೆ ಬರಬಹುದು. 'ಸ್ವಲ್ಪ ಆಡಿಸಿ ಆಮೇಲೆ ಅಳೆಯೋಣ' ಎಂದವರು ಕಾಯಿಲೆಯನ್ನೇ ಒರೆಸಿಹಾಕಿದಂತೆ. ಫಾಲ್ಟ್ ಬಂದಾಗ ಲೆಕ್ಕಕ್ಕೆ ಬರುವುದು ಆ ಮೊದಲ ಸಲವೇ.

ಟವರ್‌ಲೈನ್
ಗ್ಯಾಂಟ್ರಿಯ (ಲೈನ್ ತೂಗುಹಾಕುವ ಉಕ್ಕಿನ ಚೌಕಟ್ಟು) ಕೊಕ್ಕೆ, ಶ್ಯಾಕಲ್‌ಗಳನ್ನೂ ಸೇರಿಸಿ. 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಂಪ್ ಫೈರ್ ಎಂಬ ಕಾಡ್ಗಿಚ್ಚಿಗೆ ಕಾರಣ 115 ಕೆವಿ ಲೈನಿನ ಒಂದು ಸವೆದ ಕೊಕ್ಕೆ. 85 ಜನ ಸತ್ತರು. ಇಂಥ ಸವೆತ ಇರುವುದು ಕೊಕ್ಕೆ ತೂತಿನ ಅಂಚಿಗೆ ಉಜ್ಜುವ ಒಳಮೈಯಲ್ಲಿ, ಕೆಳಗೆ ನಿಂತು ಬೈನಾಕ್ಯುಲರ್ ಹಿಡಿದರೆ ಸುಲಭಕ್ಕೆ ಕಾಣದು. ಥರ್ಮಲ್ ಕ್ಯಾಮೆರಾಗೂ ಸಿಗುವುದಿಲ್ಲ, ಅದರಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ. ಶಟ್‌ಡೌನ್ ಸಿಕ್ಕಾಗ ಮೇಲೆ ಹತ್ತಿ, ಭಾರ ಎತ್ತಿ ಹಿಡಿದು, ಉಳಿದ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ.